ಹಕ್ಕಿ ನೋಡುವವರ ಋಣ

ಹಿಂಗಾರಿ ಬಿಳಿಜೋಳ ತೆನೆಗಟ್ಟುವ ಕಾಲಕ್ಕೆ ನೆಲೋಗಿ ಸೀಮೆಯ ಎರೆಹೊಲಗಳಿಗೆ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆಗಳನ್ನು ತಿಂದು ಬೇಸಾಯಗಾರರಿಗೆ ಬಂಧುವೆನಿಸುವ ಈ ಪಕ್ಷಿ, ಇಲ್ಲಿ ಹಾಲುತುಂಬಿದ ತೆನೆಗೇ ಕೊಕ್ಕು ಹಾಕುತ್ತದೆ. ಅಟ್ಟಣಿಗೆಯೇರಿ ಕವಣೆ ಬೀಸುವ ರೈತನಿಗೆ ಅದು ಕಳ್ಳ. ಆ ಹಿಂಡು ಬಾನಿನಲ್ಲಿ ತಿರುಗುವುದನ್ನು ನೋಡಲೆಂದೇ ದೂರದಿಂದ ಬರುವವನಿಗೆ ಅದು ಕಾವ್ಯ. ಆ ಕಾವ್ಯದ ಬೆಲೆ ತೆರುತ್ತಿರುವವನು ಮಾತ್ರ ರೈತ.

ಪಕ್ಷಿವೀಕ್ಷಕರು ನಿಸರ್ಗದ ರಕ್ಷಣೆಗೆ ಹಣ ಕೊಡಬೇಕೆ? ಕೊಡಬೇಕೆಂಬುದೇ ನನ್ನ ಅಭಿಮತ. ನಾವು ಏನನ್ನೂ ಕೊಂಡೊಯ್ಯುವುದಿಲ್ಲ, ಬರಿದೆ ನೋಡುತ್ತೇವೆ ಎಂಬುದು ಅವರ ವಾದ. ಬೇಟೆಗಾರನಿಗೆ ಆ ವಾದವಿಲ್ಲ. ಅಮೆರಿಕದಲ್ಲಿ 1934ರಿಂದ ಬಾತುಕೋಳಿ ಬೇಟೆಯಾಡುವವನು ಪ್ರತಿವರ್ಷ ಒಂದು ಮುದ್ರಾಚೀಟಿ ಕೊಳ್ಳಲೇಬೇಕು. ಅದರ ಹಣದಲ್ಲಿ ನೂರಕ್ಕೆ 98 ಪಾಲು ಜೌಗುನೆಲಗಳ ರಕ್ಷಣೆಗೆ ಸಲ್ಲುತ್ತದೆ. ಕೊಲ್ಲುವವನು ಕೊಟ್ಟು ಉಳಿಸಿದ ನೆಲದಲ್ಲಿ ಕೊಲ್ಲದವನು ಪುಕ್ಕಟೆ ನೋಡುವುದು ಅಹಿಂಸೆಗೇನೂ ಶೋಭೆಯಲ್ಲ.

ರಂಗನತಿಟ್ಟಿನಲ್ಲಿ ಪ್ರವೇಶಶುಲ್ಕ ಕೊಡುತ್ತೇವಲ್ಲ ಎನ್ನಬಹುದು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳಿಗೆ ಬಾಗಿಲಿದೆ, ಕಾವಲಿದೆ. ಆದರೆ ಎಲ್ಲ ಹಕ್ಕಿಗಳೂ ಬಾಗಿಲೊಳಗೆ ಬಾಳುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರೊಳಗಿನ ಹುಣಸೆಮರಗಳಲ್ಲಿ. ಗೂಡಿರುವ ಮರದ ಹಣ್ಣನ್ನು ಒಡೆಯ ಬಡಿಯಲಾರ. ಆ ನಷ್ಟಕ್ಕೆ ಪರಿಹಾರ ಕೊಡುವ ಪದ್ಧತಿಯನ್ನು ಅರಣ್ಯ ಇಲಾಖೆ ಅಲ್ಲಿ ತಂದಿದೆ. ಸರಿಯಾದ ಲೆಕ್ಕವೆಂದರೆ ಇದೇ. ಹಕ್ಕಿಯನ್ನು ಹೊತ್ತವನಿಗೆ ಹಣ ಮುಟ್ಟಬೇಕು.

ಜೇವರ್ಗಿಯ ಹೊಲಗಳಿಗಾಗಲಿ ಭೀಮೆಯ ದಡಕ್ಕಾಗಲಿ ಅಂಥ ಲೆಕ್ಕವಿಲ್ಲ. ದಾರಿ ಮಾತ್ರ ಕಾನೂನಿನಲ್ಲಿಯೇ ಇದೆ. 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಸಂಸ್ಥೆಗಳಲ್ಲಿ ನಿರ್ವಹಣಾ ಸಮಿತಿಯನ್ನೂ ಸ್ಥಳೀಯ ನಿಧಿಯನ್ನೂ ಕಲ್ಪಿಸಿದೆ. ಲಕ್ಷಾಂತರ ರೂಪಾಯಿಯ ಕ್ಯಾಮೆರಾ ಹೊತ್ತು ಬರುವವರು, ಅವರನ್ನು ಕರೆತಂದು ದುಡಿಯುವ ಪ್ರವಾಸ ಸಂಸ್ಥೆಗಳು ಆ ನಿಧಿಗೆ ಕೊಡಲಿ. ಎರವಲು ದುರ್ಬೀನು ಹಿಡಿದು ಬರುವ ಶಾಲಾಮಕ್ಕಳಿಂದ ಮಾತ್ರ ಬಿಡಿಗಾಸೂ ಕೇಳಬಾರದು. ನಾಳೆ ಈ ಹೊಲಗಳ ಪರವಾಗಿ ಮಾತಾಡಬೇಕಾದವರು ಅವರೇ. ಸರಕು-ಸೇವಾ ತೆರಿಗೆ ಆಗಲೇ ಕಟ್ಟಿದ್ದೇವೆ ಎಂಬ ಉತ್ತರವನ್ನೂ ಕೇಳಿದ್ದೇನೆ. ಆ ಹಣ ಬೊಕ್ಕಸಕ್ಕೆ ಹೋಯಿತೇ ಹೊರತು ಅಟ್ಟಣಿಗೆಯ ಮೇಲಿನವನಿಗೆ ಬರಲಿಲ್ಲ.

ಹಾಗೆ ಕೂಡಿದ ಹಣದಿಂದ ಮೊದಲು ಆಗಬೇಕಾದುದು ಫಲಕವಲ್ಲ, ವೀಕ್ಷಣಾಗೋಪುರವೂ ಅಲ್ಲ. ಹೊಲದಂಚಿನ ನಾಲ್ಕು ಸಾಲು ಜೋಳವನ್ನು ಹಕ್ಕಿಗಳಿಗೆ ಬಿಡಲೊಪ್ಪುವ ರೈತನಿಗೆ ಆ ಸಾಲುಗಳ ಬೆಲೆಯನ್ನು ರಾಶಿಯ ಹೊತ್ತಿಗೇ ಕೊಟ್ಟುಬಿಡುವುದು.