ಫ್ರಿಜ್ ಬಾಗಿಲಲ್ಲಿ ನೀರು ನಿಂತಿತೇ? ಮೆಕ್ಯಾನಿಕ್‌ಗೆ ಮೊದಲು ನೀವೇ ನೋಡಿ

ಫ್ರಿಜ್ ಕೊಳ್ಳಲು ಶೋರೂಮಿಗೆ ಹೋದರೆ ಸೇಲ್ಸ್ ಹುಡುಗ ಮೊದಲು ಮಾತಾಡಿಸುವುದು ಹೆಂಗಸರನ್ನೇ. ‘ನೋಡಿ ಮೇಡಂ, ಬಾಗಿಲು ತೆಗೆಯೋದೇ ಬೇಡ. ಲೋಟ ಒತ್ತಿದ್ರೆ ಸಾಕು, ತಣ್ಣನೆ ನೀರು!’ ಅಂತ ಬಾಗಿಲ ಮೇಲಿನ ಡಿಸ್ಪೆನ್ಸರ್ ತೋರಿಸುತ್ತಾನೆ. ಎರಡು ವರ್ಷ ಕಳೆದು ಅದೇ ಡಿಸ್ಪೆನ್ಸರ್ ಕೈಕೊಟ್ಟಾಗ ಮನೆಗೆ ಬಂದ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ ಮಾತ್ರ, ‘ಸಾರ್ ಇಲ್ವಾ?’

ದಿನಕ್ಕೆ ಐವತ್ತು ಸಲ ಆ ಫ್ರಿಜ್ ಮುಟ್ಟುವವರು ನಾವು. ಅದು ಯಾವಾಗ ಗುಂಯ್ ಅನ್ನುತ್ತೆ, ಯಾವಾಗ ಸುಮ್ಮನಾಗುತ್ತೆ, ನೀರು ಎಂದಿನಿಂದ ಸಣ್ಣಗಾಯಿತು ಅನ್ನೋದೆಲ್ಲ ಗೊತ್ತಿರುವುದೂ ನಮಗೇ. ಆದರೂ ರಿಪೇರಿ ಅಂದಕೂಡಲೇ ನಾವು ಪಕ್ಕಕ್ಕೆ ಸರಿದು ನಿಲ್ಲುತ್ತೇವೆ. ‘ಅದೆಲ್ಲ ನಮಗೆ ಗೊತ್ತಾಗಲ್ಲಪ್ಪ’ ಅಂದುಬಿಡುತ್ತೇವೆ. ಈ ಒಂದು ಮಾತಿಗೆ ನಾವು ತೆರುವ ಬೆಲೆ ಸಣ್ಣದಲ್ಲ. ಲಾಕ್ ಬಟನ್ ಒತ್ತಿ ಬಿಟ್ಟರೆ ಸರಿಹೋಗುವ ತೊಂದರೆಗೂ ವಿಸಿಟಿಂಗ್ ಚಾರ್ಜು, ಫಿಲ್ಟರ್ ಕಟ್ಟಿಕೊಂಡಿದ್ದರೆ ‘ಬೋರ್ಡೇ ಹೋಗಿದೆ ಮೇಡಂ’ ಅನ್ನುವ ತೀರ್ಪು! ಗುಡ್ಡ ಅಗೆದು ಇಲಿ ಹಿಡಿದ ಹಾಗೆ.

ಎಲ್ಲ ಮೆಕ್ಯಾನಿಕ್‌ಗಳೂ ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕೆಲಸಗಾರರಿಗೂ ಸರಿಯಾದ ಮಾಹಿತಿ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ನಾನು ಹೇಳುವುದಿಷ್ಟೇ: ಮೊದಲ ಹತ್ತು ನಿಮಿಷದ ಪರೀಕ್ಷೆ ನಮ್ಮದಾಗಿರಲಿ.

ನಿಮ್ಮದು ಯಾವ ಬಗೆ?

ನಮ್ಮ ಮನೆಗಳಲ್ಲಿ ಎರಡು ಬಗೆಯ ಡಿಸ್ಪೆನ್ಸರ್ ಇವೆ. ಒಂದರಲ್ಲಿ ಬಾಗಿಲ ಒಳಗೆ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ, ನೀರು ನಾವೇ ತುಂಬಬೇಕು. ಇನ್ನೊಂದು, ಎರಡು ಬಾಗಿಲು ಅಕ್ಕಪಕ್ಕ ಇರುವ ದೊಡ್ಡ ಫ್ರಿಜ್‌ನದು. ಅದಕ್ಕೆ ಹಿಂದಿನಿಂದ ಪೈಪ್ ಬಂದು, ವಾಲ್ವ್, ಫಿಲ್ಟರ್ ದಾಟಿ ನೀರು ಬಾಗಿಲಿಗೆ ಬರುತ್ತದೆ. ದೊಡ್ಡ ಫ್ರಿಜ್‌ಗಳಲ್ಲೂ ಕೆಲವಕ್ಕೆ ಟ್ಯಾಂಕೇ ಇರುತ್ತದೆ, ನೋಡಿಕೊಳ್ಳಿ.

ಟ್ಯಾಂಕ್ ಇರುವ ಫ್ರಿಜ್‌ನಲ್ಲಿ ಕರೆಂಟಿನ ಕೆಲಸವೇ ಇಲ್ಲದಿರುವುದು ಹೆಚ್ಚು. ಲೋಟದಿಂದ ಒತ್ತಿದಾಗ ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್ ತೆರೆದು ನೀರು ತಾನಾಗೇ ಇಳಿಯುತ್ತದೆ, ಅಷ್ಟೇ. ನೀರು ಬರದಿದ್ದರೆ ಅಥವಾ ಸೋರಿದರೆ ಟ್ಯಾಂಕ್ ಹೊರಗೆ ತೆಗೆಯಿರಿ. ಸರಿಯಾಗಿ ಕೂತಿರಲಿಲ್ಲವೇ? ವಾಲ್ವ್ ಸುತ್ತಲಿನ ರಬ್ಬರ್ ಬಳೆ ಸೀಳಿದೆಯೇ, ಮಡಚಿಕೊಂಡಿದೆಯೇ? ಬಿಳಿ ಪದರ ಕಟ್ಟಿದೆಯೇ? ಬೋರ್‌ವೆಲ್ ನೀರಿನ ಊರುಗಳಲ್ಲಿ ಈ ಬಿಳಿ ಪದರ ಮಾಮೂಲು, ಅದು ಗಡಸು ನೀರಿನ ಸುಣ್ಣ. ವಾಲ್ವನ್ನು ನಿಂಬೆರಸ ಅಥವಾ ವಿನೆಗರ್ ಬೆರೆಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಕುದಿಯುವ ನೀರು ಹಾಕಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಟ್ಯಾಂಕಿಗೆ ಮಜ್ಜಿಗೆ, ಶರಬತ್ತು ಹಾಕುವುದೂ ಬೇಡ.

ಇನ್ನೊಂದು ಮಾತು. ತಣ್ಣಗಿದೆ ಅಂದಮಾತ್ರಕ್ಕೆ ಆ ನೀರು ಶುದ್ಧ ಅಂತಲ್ಲ. ವಾರಕ್ಕೊಮ್ಮೆ ಟ್ಯಾಂಕ್ ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟುತ್ತದೆ. ಮಕ್ಕಳು ಕುಡಿಯುವುದು ಅದನ್ನೇ!

ಕಿವಿಗೊಟ್ಟು ಕೇಳಿ

ಪೈಪ್ ಇರುವ ಫ್ರಿಜ್‌ನಲ್ಲಿ ಕಿವಿಯೇ ದೊಡ್ಡ ಸಾಧನ. ಲೋಟ ಒತ್ತಿ ಸುಮ್ಮನೆ ಆಲಿಸಿ.

ಯಾವ ಸದ್ದೂ ಇಲ್ಲವೇ? ಮೊದಲು ಬಾಗಿಲ ಮೇಲಿನ ಬೀಗದ ಚಿತ್ರ ನೋಡಿ. ಮಕ್ಕಳು ಆಡುತ್ತಾ ಲಾಕ್ ಒತ್ತಿರುತ್ತಾರೆ. ಆ ಬಟನ್ನನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಬಿಡುತ್ತದೆ. ಬಾಗಿಲು ಪೂರ್ತಿ ಮುಚ್ಚಿದೆಯೇ ನೋಡಿ. ಬಾಗಿಲು ತೆರೆದಿದ್ದರೆ ಅನೇಕ ಫ್ರಿಜ್‌ಗಳು ನೀರು ಬಿಡುವುದಿಲ್ಲ. ಇವೆರಡೂ ಸರಿಯಿದ್ದರೆ ಲೋಟ ಒತ್ತುವ ಕಡೆಯ ಸ್ವಿಚ್ಚೋ ಹಿಂದಿನ ವಾಲ್ವೋ ಕೆಟ್ಟಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಗುಂಯ್ ಅನ್ನುತ್ತೆ, ಆದರೆ ನೀರಿಲ್ಲವೇ? ಹಾಗಾದರೆ ವಾಲ್ವಿಗೆ ಕರೆಂಟು ಹೋಗುತ್ತಿದೆ, ನೀರಿಗೆ ದಾರಿಯಲ್ಲಿ ಅಡ್ಡಿಯಿದೆ. ಹಿಂದಿನ ನಲ್ಲಿ ತೆರೆದಿದೆಯೇ, ಫ್ರಿಜ್ ತಳ್ಳಿದಾಗ ಪೈಪ್ ಮಡಚಿಕೊಂಡಿದೆಯೇ ನೋಡಿ. ಆಮೇಲೆ ಫಿಲ್ಟರ್. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬದಲಿಸಬೇಕು, ನೀರು ಗಡಸಾಗಿದ್ದರೆ ಇನ್ನೂ ಬೇಗ. ನೀರಿನ ಧಾರೆ ದಿನೇದಿನೇ ಸಣ್ಣಗಾಗುತ್ತಾ ಬಂದು ನಿಂತಿದ್ದರೆ ಅನುಮಾನ ಫಿಲ್ಟರ್ ಮೇಲೇ ಇರಲಿ.

ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಒಮ್ಮೆಲೇ ನಿಂತಿತೇ? ಡಿಸ್ಪೆನ್ಸರ್ ಫ್ರೀಜರ್ ಬಾಗಿಲಲ್ಲಿದ್ದರೆ ಒಳಗಿನ ಸಣ್ಣ ಪೈಪಿನಲ್ಲಿ ನೀರು ಹೆಪ್ಪುಗಟ್ಟಿರಬಹುದು. ಫ್ರೀಜರ್ ಮೈನಸ್ 18 ಡಿಗ್ರಿಗಿಂತ ಕೆಳಗಿದೆಯೇ ನೋಡಿ. ಪ್ಲಗ್ ತೆಗೆದು, ಸಾಮಾನು ಬೇರೆ ಕಡೆ ಇಟ್ಟು, ಕೆಳಗೆ ಬಟ್ಟೆ ಹಾಸಿ ಎರಡು ಮೂರು ಗಂಟೆ ಬಾಗಿಲು ತೆರೆದಿಡಿ. ಕರಗಿ ನೀರು ಬಂದರೆ ಕಾರಣ ಸಿಕ್ಕಿತು. ಮುಂದೆ ಫ್ರೀಜರನ್ನು ಮೈನಸ್ 18ಕ್ಕೇ ಇಡಿ.

ತೊಟ್ಟಿಕ್ಕುತ್ತಲೇ ಇದೆಯೇ? ಹೊಸ ಫಿಲ್ಟರ್ ಹಾಕಿದ ಮೇಲೆ ಪೈಪಿನಲ್ಲಿ ಗಾಳಿ ಸೇರಿದರೆ ಹೀಗಾಗುತ್ತದೆ. ಐದು ಸೆಕೆಂಡು ಒತ್ತಿ, ಐದು ಸೆಕೆಂಡು ಬಿಡಿ. ಹೀಗೇ ಎಂಟು ಹತ್ತು ಲೀಟರ್ ನೀರು ಹರಿಸಿ. ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕಿ, ಚೆಲ್ಲಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಒಂದೊಂದು ಕೊಡಕ್ಕೂ ಟ್ಯಾಂಕರ್ ಕಾದದ್ದು ಮರೆಯುವ ಹಾಗಿಲ್ಲವಲ್ಲ! ಇಷ್ಟಾದರೂ ನಿಲ್ಲದೆ ತೊಟ್ಟಿಕ್ಕಿದರೆ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು, ಮೆಕ್ಯಾನಿಕ್‌ಗೆ ಹೇಳಿ.

ತಪ್ಪು ಫ್ರಿಜ್‌ನದಲ್ಲದಿರಬಹುದು

ಕೊಳ್ಳುವಾಗ ಯಾರೂ ಹೇಳದ ಒಂದು ಸಂಗತಿಯಿದೆ. ಪೈಪ್ ಇರುವ ಡಿಸ್ಪೆನ್ಸರಿಗೆ ನೀರಿನ ಒತ್ತಡ ಕಡಿಮೆ ಅಂದರೂ 20ರಿಂದ 30 ಪಿಎಸ್‌ಐ ಇರಬೇಕು ಅಂತ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಮೇಲಿನ ಟ್ಯಾಂಕು 10 ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಸುಮಾರು 14 ಪಿಎಸ್‌ಐ. ಇನ್ನು ನಮ್ಮ ಸ್ವಂತ ಮನೆಗಳಲ್ಲಿ ತಾರಸಿಯ ಟ್ಯಾಂಕ್ ಅಡುಗೆಮನೆಗಿಂತ ನಾಲ್ಕೇ ಮೀಟರ್ ಮೇಲಿದ್ದರೆ? ಆರು ಪಿಎಸ್‌ಐ ಕೂಡ ಬರುವುದಿಲ್ಲ. ಅಂಥ ಮನೆಯಲ್ಲಿ ಎಷ್ಟು ಫಿಲ್ಟರ್, ಎಷ್ಟು ವಾಲ್ವ್ ಬದಲಿಸಿದರೇನು? ಬೇಕಾದದ್ದು ಒಂದು ಸಣ್ಣ ಬೂಸ್ಟರ್ ಪಂಪು. ಇದನ್ನು ಅಂಗಡಿಯಲ್ಲೇ ಕೇಳುವ ಬದಲು, ‘ಬಾಗಿಲ ಬಣ್ಣ ಕೆಂಪಿದೆಯಾ?’ ಅಂತ ಕೇಳಿ ಬರುವವರೇ ಹೆಚ್ಚು.

ಕೈ ಹಾಕಬಾರದ ಕಡೆ

ಧೈರ್ಯ ಬೇರೆ, ದುಸ್ಸಾಹಸ ಬೇರೆ. ಏನೇ ಮುಟ್ಟುವ ಮೊದಲು ಪ್ಲಗ್ ಕಿತ್ತಿಡಿ. ಹಿಂದಿನ ವಾಲ್ವಿಗೆ 230 ವೋಲ್ಟ್ ಬರಬಹುದು, ಪಕ್ಕದಲ್ಲೇ ನೀರಿದೆ. ಮಂಜುಗಡ್ಡೆಯನ್ನು ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯಲೇಬೇಡಿ. ಈಗಿನ ಅನೇಕ ಫ್ರಿಜ್‌ಗಳಲ್ಲಿರುವ ಆರ್-600ಎ ಅನ್ನುವ ಗ್ಯಾಸ್ ಬೆಂಕಿ ಹತ್ತಿಕೊಳ್ಳುವಂಥದ್ದು, ಕೊಳವೆ ತೂತಾದರೆ ಅಪಾಯ. ಗ್ಯಾಸು, ವೈರು, ಬೋರ್ಡು ಇವು ಮೂರೂ ತರಬೇತಿ ಇದ್ದವರಿಗೇ ಸೇರಲಿ. ವಾರಂಟಿ ಇನ್ನೂ ಇದ್ದರೆ ಸ್ಕ್ರೂ ಬಿಚ್ಚುವುದೂ ಬೇಡ.

ಕೇಳುವುದು ನಮ್ಮ ಹಕ್ಕು

ಇಷ್ಟು ನೋಡಿದ ಮೇಲೆ ಮೆಕ್ಯಾನಿಕ್ ಕರೆಸಿದರೆ ನಿಮ್ಮ ಮಾತಿನ ಧಾಟಿಯೇ ಬದಲಾಗುತ್ತದೆ. ‘ನೀರು ಬರ್ತಿಲ್ಲ’ ಅನ್ನುವ ಬದಲು, ‘ಲಾಕ್ ಇಲ್ಲ, ಫಿಲ್ಟರ್ ಹೊಸದು, ವಾಲ್ವ್ ಸದ್ದು ಮಾಡ್ತಿದೆ, ನೀರು ಬರ್ತಿಲ್ಲ’ ಅನ್ನಿ. ಆತ ಸಾರ್ ಎಲ್ಲಿ ಅಂತ ಕೇಳುವುದಿಲ್ಲ! ಬದಲಿಸಿದ ಹಳೇ ಭಾಗ ಕೇಳಿ ಪಡೆಯಿರಿ, ರಸೀದಿ ಬರೆಸಿಕೊಳ್ಳಿ. ಅನ್ಯಾಯವಾಯಿತು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡುವ ಅವಕಾಶವೂ ಇದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರಿಪೇರಿ ಹಕ್ಕು’ ಎಂಬ ಪೋರ್ಟಲ್ಲನ್ನೇ ತೆರೆಯಿತು. ಕಂಪನಿಗಳು ಕೈಪಿಡಿ, ಬಿಡಿಭಾಗಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಲಿ ಅನ್ನುವುದೇ ಅದರ ಉದ್ದೇಶ.

ಆದರೆ ಆ ಕೈಪಿಡಿ ಓದಲು ಬರಬೇಕಲ್ಲ? ಕರ್ನಾಟಕದಲ್ಲಿ ಫ್ರಿಜ್ ಮಾರುವ ಕಂಪನಿಗಳು ಕಡೇಪಕ್ಷ ಎರಡು ಪುಟದಷ್ಟಾದರೂ ‘ತೊಂದರೆ ಬಂದರೆ ಏನು ಮಾಡಬೇಕು’ ಅನ್ನುವುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಸಾವಿರಾರು ರೂಪಾಯಿ ಎಣಿಸಿಕೊಳ್ಳುವವರಿಗೆ ಎರಡು ಹಾಳೆ ಭಾರವೇ? ಕೊಳ್ಳುವಾಗ ನಾವು ಪ್ರತಿಯೊಬ್ಬರೂ ‘ಕನ್ನಡದ ಕೈಪಿಡಿ ಇದೆಯಾ?’ ಅಂತ ಕೇಳತೊಡಗಿದರೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡಿ. ಫ್ರಿಜ್ ಪಕ್ಕಕ್ಕೆ ಒಂದು ಚೀಟಿ ಅಂಟಿಸಿ. ಕೊಂಡ ತಾರೀಕು, ಮಾಡೆಲ್ ನಂಬರ್, ವಾರಂಟಿ ಮುಗಿಯುವ ದಿನ, ಫಿಲ್ಟರ್ ಬದಲಿಸಿದ ದಿನ, ಟ್ಯಾಂಕ್ ತೊಳೆದ ದಿನ, ಇಷ್ಟನ್ನೂ ಬರೆದಿಡಿ. ಮಗನಿಗೂ ಮಗಳಿಗೂ ಇಬ್ಬರಿಗೂ ಟ್ಯಾಂಕ್ ಬಿಚ್ಚಿ ತೊಳೆಯುವುದನ್ನು ಕಲಿಸಿ. ಮನೆಯ ಯಂತ್ರದ ಬಗ್ಗೆ ‘ನನಗೆ ಗೊತ್ತು’ ಅನ್ನುವ ಮಾತು ಅವರ ಬಾಯಲ್ಲೂ ಬರಲಿ. ಏನಂತೀರಿ?