ಪ್ರಶಸ್ತಿ ಹೋದದ್ದು ಸರಿಯಾದ ಕೈಗೇ

2023ರ ಫೆಬ್ರುವರಿ 5ರಂದು ಲಾಸ್ ಏಂಜಲೀಸ್‌ನಲ್ಲಿ ಗ್ರ್ಯಾಮಿ ಪ್ರಶಸ್ತಿಗಳು ಪ್ರಕಟವಾದಾಗ, ಅತ್ಯುತ್ತಮ ಆರ್ ಅಂಡ್ ಬಿ ಆಲ್ಬಂ ವಿಭಾಗದಲ್ಲಿ ಗೆದ್ದದ್ದು ರಾಬರ್ಟ್ ಗ್ಲಾಸ್ಪರ್ ಅವರ ‘ಬ್ಲ್ಯಾಕ್ ರೇಡಿಯೊ 3’. ಅದೇ ಕಣದಲ್ಲಿದ್ದು ಸೋತ ಗಾಯಕ ಕ್ರಿಸ್ ಬ್ರೌನ್, ಯಾರು ಈ ಗ್ಲಾಸ್ಪರ್ ಎಂದು ಇನ್‌ಸ್ಟಾಗ್ರಾಂನಲ್ಲಿ ಬೈಗುಳ ಸೇರಿಸಿ ಕೇಳಿದರು. ಆಮೇಲೆ ಗ್ಲಾಸ್ಪರ್ ಅವರಿಗೇ ನೇರವಾಗಿ ಬರೆದು ಕ್ಷಮೆ ಕೋರಿದರು. ತಮ್ಮ ಸಿಟ್ಟು ಪ್ರಶಸ್ತಿ ಕೊಡುವ ಅಕಾಡೆಮಿಯ ಮೇಲೆಯೇ ಹೊರತು ಕಲಾವಿದರ ಮೇಲಲ್ಲ ಎಂದರು. ಅವರಿಬ್ಬರ ನಡುವಿನ ಮಾತು ಅಲ್ಲಿಗೆ ಮುಗಿಯಿತು. ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಜಾಝ್ ಪಿಯಾನೊ ನುಡಿಸುವವನಿಗೆ ಆರ್ ಅಂಡ್ ಬಿ ಗಾಯಕರ ಪ್ರಶಸ್ತಿ ಏಕೆ ಎಂದು ಕೇಳುವವರು ಈಗಲೂ ಇದ್ದಾರೆ.

ನನ್ನ ಉತ್ತರ ನೇರವಾದದ್ದು. ಆ ಪ್ರಶಸ್ತಿಗೆ ಅವರಿಗಿಂತ ಹೆಚ್ಚಿನ ಹಕ್ಕುದಾರರು ಆ ವರ್ಷ ಇರಲಿಲ್ಲ. ಅವರು ಯಾರೆಂದು ಗೊತ್ತಿಲ್ಲದಿರುವುದು ಅವರ ಕೊರತೆಯಲ್ಲ, ಹಾಡಿನ ಮುಖವನ್ನಷ್ಟೇ ಮಾರಿ ನುಡಿಸಿದ ಕೈಗಳನ್ನು ಮರೆಸುವ ಉದ್ಯಮದ ಕೊರತೆ.

ಗ್ಲಾಸ್ಪರ್ ಹುಟ್ಟಿದ್ದು 1978ರಲ್ಲಿ, ಹ್ಯೂಸ್ಟನ್ನಿನಲ್ಲಿ. ತಾಯಿ ಕಿಮ್ ಇವೆಟ್ ಚರ್ಚಿನಲ್ಲೂ ಕ್ಲಬ್ಬುಗಳಲ್ಲೂ ಹಾಡುತ್ತಿದ್ದವರು. ಭಕ್ತಿಯ ಗಾಸ್ಪೆಲ್ಲೂ ರಾತ್ರಿಯ ಜಾಝೂ ಮಗನಿಗೆ ಒಂದೇ ಮನೆಯ ಸಂಗೀತವಾಗಿ ಬಂದವು. ನ್ಯೂಯಾರ್ಕಿನಲ್ಲಿ ಓದುವಾಗ ಗಾಯಕ ಬಿಲಾಲ್ ಜೊತೆಯಾದರು. 2012ರಲ್ಲಿ ಬ್ಲೂ ನೋಟ್ ಸಂಸ್ಥೆಯಿಂದ ಮೊದಲ ‘ಬ್ಲ್ಯಾಕ್ ರೇಡಿಯೊ’ ಬಂತು. ಎರಿಕಾ ಬಾಡು, ಲೇಲಾ ಹ್ಯಾಥವೇ, ಲೆಡಿಸಿ, ಲೂಪೆ ಫಿಯಾಸ್ಕೊ, ಯಾಸೀನ್ ಬೇ ಅದರಲ್ಲಿ ಹಾಡಿದರು, ರ‍್ಯಾಪ್ ಮಾಡಿದರು. ಮರುವರ್ಷ ಆ ಆಲ್ಬಂ ಗೆದ್ದದ್ದು ಇದೇ ಅತ್ಯುತ್ತಮ ಆರ್ ಅಂಡ್ ಬಿ ಆಲ್ಬಂ ಪ್ರಶಸ್ತಿಯನ್ನೇ. ಹತ್ತು ವರ್ಷ ಕಳೆದು ಅದೇ ಸರಣಿ, ಅದೇ ವಿಭಾಗದಲ್ಲಿ ಮತ್ತೆ ಗೆದ್ದಾಗ ‘ಇವನ್ಯಾರು’ ಎಂಬ ಮಾತು ಬಂತು. ಅಷ್ಟರಲ್ಲಿ ಕೆಂಡ್ರಿಕ್ ಲಮಾರ್ ಅವರ 2015ರ ‘ಟು ಪಿಂಪ್ ಎ ಬಟರ್‌ಫ್ಲೈ’ ಆಲ್ಬಮ್ಮಿನಲ್ಲೂ ಗ್ಲಾಸ್ಪರ್ ಕೀಬೋರ್ಡ್ ನುಡಿಸಿದ್ದರು. ಪ್ರಶ್ನೆ ಕೇಳಿದ ಎಷ್ಟೋ ಜನ ಅವರ ಬೆರಳುಗಳನ್ನು ಆಗಲೇ ಕೇಳಿದ್ದರು.

ಮೊದಲ ಆಲ್ಬಮ್ಮಿನ ‘ಆಫ್ರೊ ಬ್ಲೂ’ವನ್ನೇ ತೆಗೆದುಕೊಳ್ಳಿ. ಕ್ಯೂಬಾದ ತಾಳವಾದ್ಯಗಾರ ಮೊಂಗೊ ಸಾಂಟಾಮಾರಿಯಾ ಕಟ್ಟಿದ, ಜಾನ್ ಕೋಲ್ಟ್ರೇನ್ ಮನೆಮಾತಾಗಿಸಿದ ಕೃತಿ ಅದು. ಇಲ್ಲಿ ಎರಿಕಾ ಬಾಡು ಅದನ್ನು ಆರಾಮವಾಗಿ, ಪದಗಳನ್ನು ಎಳೆದೆಳೆದು ಹಾಡುತ್ತಾರೆ. ಒಮ್ಮೆ ಅವರ ದನಿಯನ್ನು ಬದಿಗಿಟ್ಟು ಕ್ರಿಸ್ ಡೇವ್ ಅವರ ಡ್ರಮ್ಮನ್ನಷ್ಟೇ ಹಿಂಬಾಲಿಸಿ. ಪೆಟ್ಟು ನೀವು ಕಾಯುವ ಜಾಗದಲ್ಲಿ ಬೀಳುವುದಿಲ್ಲ. ಒಂದು ಕೂದಲೆಳೆ ಮುಂಚೆ, ಇಲ್ಲವೇ ಕೂದಲೆಳೆ ತಡವಾಗಿ ಬೀಳುತ್ತದೆ. ಆದರೂ ತಾಳ ತಪ್ಪುವುದಿಲ್ಲ. ಈ ತೂಗಾಟ ಜಾಝ್ ಶಾಲೆಯಲ್ಲಿ ಹುಟ್ಟಿದ್ದಲ್ಲ. ಡೆಟ್ರಾಯಿಟ್‌ನ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ, ಬೀಟ್‌ಗಳನ್ನು ಯಂತ್ರದ ನೇರ ಸಾಲಿನಿಂದ ಆಚೀಚೆ ಸರಿಸಿ ತಂದದ್ದು. 32ನೇ ವಯಸ್ಸಿಗೆ, 2006ರಲ್ಲಿ, ಅವರು ತೀರಿಕೊಂಡರು. ಹಳೆಯ ಜಾಝ್ ತಟ್ಟೆಗಳಿಂದ ತುಣುಕು ಎತ್ತಿ ಅವರು ಹಾಡು ಕಟ್ಟಿದರು; ಅವರ ಯಂತ್ರದ ನಡೆಯನ್ನು ಜಾಝ್ ವಾದಕರು ಕೈಕಾಲುಗಳಿಗೆ ಇಳಿಸಿಕೊಂಡರು. ಕೊಟ್ಟವರಾರು, ಕೊಂಡವರಾರು ಎಂದು ಗೆರೆ ಎಳೆಯಲು ಇಲ್ಲಿ ಜಾಗವೇ ಇಲ್ಲ.

ಗೆರೆ ಎಳೆಯುವವರು ಜಾಝ್ ಪಾಳಯದಲ್ಲೂ ಇದ್ದಾರೆ, ಅವರ ಮೇಲೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ದೊಡ್ಡ ಕಲಾವಿದರು. 1997ರಲ್ಲಿ ಜಾಝ್ ಕೃತಿಗೆ ಮೊತ್ತಮೊದಲ ಪುಲಿಟ್ಜರ್ ಪಡೆದವರು. 2018ರಲ್ಲಿ ಕೆಂಡ್ರಿಕ್ ಲಮಾರ್ ಅವರ ‘ಡ್ಯಾಮ್’ಗೆ ಅದೇ ಪುಲಿಟ್ಜರ್ ಬಂತು. ಅದೇ ವರ್ಷ ಮಾರ್ಸಾಲಿಸ್ ಸಂದರ್ಶನವೊಂದರಲ್ಲಿ, ಗುಲಾಮಗಿರಿಯ ಪರ ಹೋರಾಡಿದ ಸೇನಾನಿ ರಾಬರ್ಟ್ ಇ. ಲೀ ಪ್ರತಿಮೆಗಿಂತ ರ‍್ಯಾಪ್‌ನ ಭಾಷೆ ಕರಿಯರಿಗೆ ಹೆಚ್ಚು ಹಾನಿಕರ ಎಂಬರ್ಥದ ಮಾತಾಡಿದರು. ಹೆಣ್ಣನ್ನು ಹೀಗಳೆಯುವ ಪದಗಳ ಬಗ್ಗೆ ಅವರಿಗಿರುವ ನೋವು ಸುಳ್ಳಲ್ಲ, ಅದನ್ನು ತಳ್ಳಿಹಾಕಬಾರದು. ಆದರೆ ಕೆಲವರ ಕೊಳಕನ್ನು ಇಡೀ ಕಲೆಯ ತಲೆಗೆ ಕಟ್ಟುವುದು ಅನ್ಯಾಯ. 1921ರಲ್ಲಿ ಅಮೆರಿಕದ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಜಾಝ್ ಯುವಜನರನ್ನು ಪಾಪಕ್ಕೆ ಎಳೆಯುತ್ತಿದೆ ಎಂದು ಲೇಖನ ಛಾಪಿಸಿತ್ತು. ಅಂದು ಜಾಝ್ ನಿಂತಿದ್ದ ಕಟಕಟೆಯಲ್ಲಿ ಇಂದು ಹಿಪ್‌ಹಾಪ್ ನಿಂತಿದೆ. ಇದನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕಾದವರು ಜಾಝ್‌ನವರೇ.

ಗ್ಲಾಸ್ಪರ್ ಟೀಕೆಗೆ ಅತೀತರಲ್ಲ. 2017ರಲ್ಲಿ ಪಿಯಾನೊ ವಾದಕ ಈಥನ್ ಐವರ್ಸನ್ ಜೊತೆಗಿನ ಮಾತುಕತೆಯಲ್ಲಿ, ಹೆಣ್ಣುಮಕ್ಕಳಿಗೆ ಉದ್ದುದ್ದ ಸೋಲೊಗಳು ರುಚಿಸುವುದಿಲ್ಲ ಎಂಬ ಧಾಟಿಯಲ್ಲಿ, ಅದೂ ಕೀಳು ಮಾತಿನಲ್ಲಿ ಹೇಳಿದ್ದರು. ಸರಿಯಾಗಿಯೇ ಛೀಮಾರಿ ಬಿತ್ತು. ಅವರದೇ ಆಲ್ಬಮ್ಮುಗಳ ಬೆನ್ನೆಲುಬಾಗಿರುವ ಬಾಡು, ಹ್ಯಾಥವೇ, ಮಿಶೆಲ್ ಎಂಡೆಗೆಒಚೆಲ್ಲೊ ಆ ಮಾತನ್ನು ಸುಳ್ಳು ಮಾಡುತ್ತಾರೆ.

ಬೆರಕೆ ಎಂದರೆ ಮೂಗು ಮುರಿಯುವವರಿಗೆ ನಮ್ಮ ಊರಿನದೇ ಒಂದು ದಾಖಲೆ ನೆನಪಿಸಬೇಕು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರೊಂದಿಗೆ ಮಾಡಿದ ‘ಜ್ಯೋತಿ’ 1983ರ ಆಲ್ಬಂ. ಅದರ ಹೊದಿಕೆಯ ಮೇಲೆ ಮಾರಿಯಾನೊ ಹೆಸರಿನ ಜೊತೆಗೇ ಬೆಂಗಳೂರಿನ ತಂಡದ ಹೆಸರೂ ಇದೆ. ನುಡಿಸಿದವರಿಗೆ ಸಲ್ಲಬೇಕಾದ ಗೌರವ ಅಂದರೆ ಅದು.

ಇಂದು ಫೋನಿನಲ್ಲಿ ಹಾಡು ಕೇಳುವಾಗ ಮುಂದೆ ಕಾಣುವುದು ಗಾಯಕರ ಹೆಸರು, ಒಂದು ಚಿತ್ರ, ಅಷ್ಟೇ. ಮೊದಲ ‘ಬ್ಲ್ಯಾಕ್ ರೇಡಿಯೊ’ದಲ್ಲಿ ಬೇಸ್ ನುಡಿಸಿದ ಡೆರಿಕ್ ಹಾಜ್, ಸ್ಯಾಕ್ಸೊಫೋನ್ ಮತ್ತು ವೋಕೋಡರ್ ನುಡಿಸಿದ ಕೇಸಿ ಬೆಂಜಮಿನ್ ಯಾರೆಂದು ತಿಳಿಯಲು ಹುಡುಕಿ ಹೋಗಬೇಕು. ಹಾಡು ಹರಿಸುವ ಸಂಸ್ಥೆಗಳು ವಾದಕರ ಹೆಸರನ್ನು ಹಾಡಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ತೋರಿಸಲಿ. ರೇಡಿಯೊ ನಿರೂಪಕರು ಅದನ್ನು ಓದಿ ಹೇಳಲಿ. ಕೇಳುಗರಾದ ನಾವೂ ಅದನ್ನು ಒತ್ತಾಯಿಸಿ ಕೇಳೋಣ.