ದೀಪದೆದುರಿನ ಕತ್ತಲೆ

ಅರವತ್ತು ದಾಟಿದವನ ಕಣ್ಣಿಗೆ ಮುಸ್ಸಂಜೆಯೆಂಬುದು ದಿನವೂ ಬರುವ ಒಂದು ಪರೀಕ್ಷೆ. ಹಗಲಿನಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಹೊತ್ತು ಮುಳುಗಿದ ಮೇಲೆ ಹಳೆಯ ಕಾರನ್ನು ರಸ್ತೆಗಿಳಿಸಿದೆನೆಂದರೆ ಮಾತ್ರ, ಹೊಂಡ ಯಾವುದು, ನೆರಳು ಯಾವುದು ಎಂದು ತಿಳಿಯದೆ ತಡವರಿಸುತ್ತೇನೆ. ನನ್ನ ಈ ಪಾಡನ್ನು ಕಂಡ ಅಳಿಯ ಕಳೆದ ಮಳೆಗಾಲದಲ್ಲಿ, “ಮಾವ, ಇನ್ನೂ ಆ ಹಳದಿ ಬಲ್ಬನ್ನೇ ಇಟ್ಟುಕೊಂಡಿದ್ದೀರಲ್ಲ! ಬಿಳಿಯದು ಹಾಕಿಸಿ, ರಾತ್ರಿ ಹಗಲಾಗುತ್ತದೆ” ಎಂದ.

ಹಾಕಿಸಿದೆ. ಕಾಲು ಗಂಟೆಯ ಕೆಲಸ. ಅಂಗಡಿಯಾತ ಡಬ್ಬಿಯ ಮೇಲಿದ್ದ 6500 ಎಂಬ ಅಂಕೆಯ ಮೇಲೆ ಬೆರಳಿಟ್ಟು, “ನಿಮ್ಮ ಹಳೆಯದರ ಎರಡರಷ್ಟು ಸಾರ್” ಎಂದ. ನಾನು ಮೂವತ್ತು ವರ್ಷ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನು, ಆದರೂ ನಂಬಿದೆ! ಆ ರಾತ್ರಿ ಮನೆಗೆ ಬರುವಾಗ ರಸ್ತೆಬದಿಯ ಲಂಟಾನದ ಎಲೆ ಎಲೆಯನ್ನೂ ಎಣಿಸಬಹುದಾಗಿತ್ತು. ಹತ್ತು ವರ್ಷ ಚಿಕ್ಕವನಾದಂತೆ ಹಿಗ್ಗಿದೆ.

ಹಿಗ್ಗು ಒಂಬತ್ತು ದಿನ ಬಾಳಿತು. ಹತ್ತನೆಯ ಸಂಜೆ, ಊರಿನ ಇಳಿಜಾರಿನ ತಿರುವಿನಲ್ಲಿ, ಡೈರಿಗೆ ಹಾಲು ಒಯ್ಯುತ್ತಿದ್ದ ಹಿರಿಯರೊಬ್ಬರು ಸೈಕಲ್ಲಿನಲ್ಲಿ ಎದುರಾದರು. ನನ್ನ ಬೆಳಕು ತಾಗಿದೊಡನೆ ಒಂದು ಕೈಯನ್ನು ಮುಖಕ್ಕೆ ಅಡ್ಡ ಹಿಡಿದರು. ಮರುಗಳಿಗೆಯಲ್ಲಿ ಸೈಕಲ್ಲು ಚರಂಡಿಗಿಳಿಯಿತು. ಕಾರು ನಿಲ್ಲಿಸಿ ಓಡಿದೆ. ಮೊಣಕೈ ತರಚಿತ್ತು, ಕ್ಯಾನಿನ ಹಾಲೆಲ್ಲ ಮಣ್ಣುಪಾಲಾಗಿತ್ತು. ಅವರು ನನ್ನನ್ನು ಬಯ್ಯಲಿಲ್ಲ. “ರಸ್ತೆಯೇ ಕಾಣಲಿಲ್ಲ ಸ್ವಾಮಿ” ಎಂದಷ್ಟೇ ಹೇಳಿದರು. ಹಾಲಿನ ಹಣ ಕೊಟ್ಟೆ. ತೆಗೆದುಕೊಳ್ಳುವುದಕ್ಕೆ ಅವರೇ ಸಂಕೋಚಪಟ್ಟರು. ನನ್ನ ದೀಪ ಆಗ ಡಿಪ್ಪಿನಲ್ಲೇ ಇತ್ತೆಂಬುದು ನನ್ನನ್ನು ಇಡೀ ರಾತ್ರಿ ಕಾಡಿತು.

ಮರುದಿನ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ: ಯೋಚಿಸಿದೆ. ಆ 6500 ಎಂಬುದು ಕೆಲ್ವಿನ್ ಅಳತೆ. ಅದು ಬೆಳಕಿನ ಬಣ್ಣವನ್ನು ಹೇಳುತ್ತದೆಯೇ ಹೊರತು ಪ್ರಮಾಣವನ್ನಲ್ಲ. ಹಳೆಯ ಹ್ಯಾಲೊಜನ್ ಬಲ್ಬಿನ ಬೆಳಕು ಸುಮಾರು 3200 ಕೆಲ್ವಿನ್, ಆದುದರಿಂದ ಹಳದಿ. ಅಂಕೆ ಏರಿದಂತೆ ಬೆಳಕು ಬಿಳಿಯಾಗಿ, ಬಳಿಕ ನೀಲಿಯತ್ತ ತಿರುಗುತ್ತದೆ. ಬೆಳಕೆಷ್ಟು ಎಂಬುದಕ್ಕೆ ಅಳತೆ ಲ್ಯೂಮೆನ್; ಅದೇ ಬೇರೆ. ಹತ್ತನೆಯ ತರಗತಿಯ ಹುಡುಗ ಹೀಗೆ ತಪ್ಪಿದ್ದರೆ ನಾನೇ ಅಂಕ ಕಳೆಯುತ್ತಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ಬೇರೆಯಿತ್ತು. ಹೆಡ್‌ಲೈಟಿನ ಒಳಗಿರುವ ಕನ್ನಡಿ ಬರಿಯ ಹೊಳೆಯುವ ಬೋಗುಣಿಯಲ್ಲ. 60/55 ವಾಟಿನ ಸಾಮಾನ್ಯ ಹ್ಯಾಲೊಜನ್ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ. ಡಿಪ್ಪಿನ ತಂತಿಯ ಕೆಳಗೆ ಚಮಚದಂತಹ ಒಂದು ಪುಟ್ಟ ಲೋಹದ ಮರೆ. ಅದು ಬೆಳಕನ್ನು ಕನ್ನಡಿಯ ಕೆಳಭಾಗಕ್ಕೆ ಬೀಳಗೊಡುವುದಿಲ್ಲ. ಮೇಲ್ಭಾಗಕ್ಕೆ ಬಿದ್ದ ಬೆಳಕು ರಸ್ತೆಯತ್ತ ಬಾಗುತ್ತದೆ. ತಂತಿ ಎಲ್ಲಿದೆಯೋ ಅದಕ್ಕೆ ಸರಿಯಾಗಿ ಕನ್ನಡಿಯ ಬಾಗನ್ನು ತೀಡಿರುತ್ತಾರೆ. ಅದೇ ಜಾಗಕ್ಕೆ ಎಲ್‌ಇಡಿಯ ಚಪ್ಪಟೆ ಬಿಲ್ಲೆಗಳನ್ನು ತುರುಕಿದರೆ ಆ ಲೆಕ್ಕವೆಲ್ಲ ಬುಡಮೇಲಾಗಿ, ನೆಲಕ್ಕೆ ಸಲ್ಲಬೇಕಾದ ಬೆಳಕು ಎದುರಿನವರ ಮುಖಕ್ಕೆ ಸಲ್ಲುತ್ತದೆ. ನಾನು ಡಿಪ್ ಮಾಡಿದ್ದು ನಿಜ, ದೀಪ ತಗ್ಗಲಿಲ್ಲ.

ಬಿಳಿಯ ಬೆಳಕೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನೀಲಿ ಎಲ್‌ಇಡಿಯನ್ನು ಕಂಡುಹಿಡಿದು ಬಿಳಿ ಬೆಳಕಿಗೆ ದಾರಿ ತೆರೆದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ನೊಬೆಲ್ ಸಂದದ್ದು ಸರಿಯಾಗಿಯೇ ಇದೆ. ಎಲ್‌ಇಡಿಗೆಂದೇ ರೂಪಿಸಿದ ದೀಪಗಳು ಸರಿಯಾಗಿ ಹೊಂದಿಸಿದ್ದಲ್ಲಿ ಮರ್ಯಾದೆಯಿಂದಲೇ ನಡೆದುಕೊಳ್ಳುತ್ತವೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ಮಾತನ್ನೂ ನಾನು ಒಪ್ಪಲಾರೆ. ಮಂಜಿನ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಮೆ ಸಮನಾಗಿ ಚದರಿಸುತ್ತವೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಮೇಲಕ್ಕೆ ಚೆಲ್ಲಿದ ಪ್ರಖರ ಬೆಳಕು ಯಾವ ಬಣ್ಣದ್ದಾದರೂ ಗೋಡೆಗೆ ಬಡಿದಂತೆ ನಮ್ಮ ಕಣ್ಣಿಗೇ ಮರಳುತ್ತದೆ. ಆದರೆ ಅಷ್ಟೇ ಪ್ರಖರತೆಯಲ್ಲಿ ನೀಲಿ ಬೆರೆತ ಬೆಳಕು ಕಣ್ಣನ್ನು ಹೆಚ್ಚು ನೋಯಿಸುತ್ತದೆಂಬುದು ನಿಜ. ವಯಸ್ಸಾದವರ ಕಣ್ಣಿನ ಮಸೂರದಲ್ಲಿ ಬೆಳಕು ಹೆಚ್ಚು ಚದರುತ್ತದೆ. ಕುಕ್ಕಿದ ಕಣ್ಣು ಚೇತರಿಸಿಕೊಳ್ಳಲು ಹೆಚ್ಚು ಹೊತ್ತೂ ಬೇಕು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನಿಗೆ ಮೂರೇ ಸೆಕೆಂಡು ಕಣ್ಣು ಕತ್ತಲಿಟ್ಟರೂ ಅವನು 50 ಮೀಟರು ಕುರುಡನಾಗಿ ಸಾಗಿರುತ್ತಾನೆ. ದೀಪದ ಬುಡದಲ್ಲಿ ಕತ್ತಲೆಯೆಂದು ಹಿಂದಿನವರು ಹೇಳಿದರು. ಈಗ ಕತ್ತಲೆ ದೀಪದೆದುರಿಗೆ ಬಂದು ನಿಂತಿದೆ.

ಕಾನೂನು ಸುಮ್ಮನಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು, 8 ಮೀಟರು ದೂರದಲ್ಲಿ, 1.5 ಮೀಟರು ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕೆನ್ನುತ್ತದೆ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಇಂತಹ ದೀಪಗಳ ವಿರುದ್ಧ ಮೊಕದ್ದಮೆಗಳನ್ನೂ ಹೂಡಿದರು. ಆದರೆ ತಿರುವು ತಿರುವಿಗೊಬ್ಬ ಪೊಲೀಸನನ್ನು ನಿಲ್ಲಿಸಲಾದೀತೆ? “ಎದುರಿನವನು ಹಾಕಿಸಿದ್ದಾನೆ, ನಾನೂ ಹಾಕಿಸುತ್ತೇನೆ” ಎಂಬುದು ಎಲ್ಲರ ಸಮರ್ಥನೆ. ಈ ಪೈಪೋಟಿಯಲ್ಲಿ ಸೋಲುವವರು ಯಾರು? ದೀಪವೇ ಇಲ್ಲದ ಸೈಕಲ್ಲಿನವರು, ರಸ್ತೆಯಂಚಿನಲ್ಲಿ ನಡೆದುಹೋಗುವವರು.

ಹಾಗಾದರೆ ಕಣ್ಣು ಮಂಜಾದವನು ಏನು ಮಾಡಬೇಕೆಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾನು ಆ ಬಲ್ಬುಗಳನ್ನು ಕಿತ್ತೆಸೆದು, ಮೊದಲಿನ ಅಳತೆಯ ಹೊಸ ಹ್ಯಾಲೊಜನ್ ಹಾಕಿಸಿದೆ. ದೀಪದ ಪ್ಲಾಸ್ಟಿಕ್ ಹೊದಿಕೆ ವರ್ಷಗಟ್ಟಲೆ ಬಿಸಿಲುಂಡು ಮಂಕಾಗಿತ್ತು. ಅದನ್ನು ಉಜ್ಜಿಸಿ ಪಾಲಿಷ್ ಮಾಡಿಸಿದೆ. ಗೋಡೆಯ ಮುಂದೆ ಕಾರು ನಿಲ್ಲಿಸಿ ದೀಪದ ಓರೆಯನ್ನು ಸರಿಪಡಿಸಿಕೊಂಡೆ. ನಾನು ಬಲ್ಬಿನ ಮೇಲೆ ಹೊರಿಸಿದ್ದ ದೋಷದಲ್ಲಿ ಅರ್ಧಕ್ಕರ್ಧ ಆ ಹೊದಿಕೆಯದೇ ಆಗಿತ್ತು. ಉಳಿದರ್ಧ ನನ್ನ ವಯಸ್ಸಿನದು. ಅದಕ್ಕೆ ಮದ್ದು ನಿಧಾನವಾಗಿ ಹೋಗುವುದು. ಮಳೆಯ ರಾತ್ರಿಯಾದರೆ ಹೋಗದೆ ಮನೆಯಲ್ಲಿರುವುದು.

ನನ್ನ ಬಾಲ್ಯದ ಮಲೆನಾಡಿನಲ್ಲಿ ರಾತ್ರಿ ಸೂಡಿ ಹಿಡಿದು ನಡೆಯುತ್ತಿದ್ದೆವು. ಎದುರಿಗೆ ಯಾರಾದರೂ ಬಂದರೆ ಸೂಡಿಯನ್ನು ತಗ್ಗಿಸಿ ಪಕ್ಕಕ್ಕೆ ಹಿಡಿಯುವುದು ವಾಡಿಕೆ. ಮನೆಗೆ ಬ್ಯಾಟರಿ ಬಂದಾಗ, ಅದರ ಗುಂಡಿ ಒತ್ತಲು ಕಲಿಸುವ ಮೊದಲೇ ಅಮ್ಮ, “ಮುಖಕ್ಕೆ ಬಿಡಬೇಡ, ನೆಲಕ್ಕೆ ಬಿಡು” ಎಂದು ಹೇಳಿಕೊಟ್ಟಿದ್ದಳು. ಯಾವ ನಿಯಮಾವಳಿಯನ್ನೂ ಓದಿದವಳಲ್ಲ ಅವಳು.

ಮೊನ್ನೆ ಅದೇ ತಿರುವಿನಲ್ಲಿ ಹಾಲಿನ ಸೈಕಲ್ಲು ಮತ್ತೆ ಎದುರಾಯಿತು. ವೇಗ ತಗ್ಗಿಸಿದೆ. ಈ ಸಲ ಅವರ ಎರಡು ಕೈಗಳೂ ಹ್ಯಾಂಡಲಿನ ಮೇಲೆಯೇ ಇದ್ದವು.